ಬಾಕ್ಸ್‌ನ ಹೊರಗಿನಿಂದ ಗೋಲಿಗೆ ಹೊಡೆಯುವುದನ್ನು ಹುಡುಗರಿಗೆ ಹೇಗೆ ಕಲಿಸಬೇಕು?

ಮೂಡಿಗೆರೆ ಮೇಷ್ಟ್ರು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕ. ಹದಿನೇಳು ವರ್ಷದೊಳಗಿನ ಹುಡುಗರ ಫುಟ್‌ಬಾಲ್ ತಂಡವನ್ನೂ, ಸಂಜೆ ಆಡಲು ಬರುವ ಪಿಯು ಕಾಲೇಜಿನ ಕೆಲವರನ್ನೂ ನೋಡಿಕೊಳ್ಳುತ್ತೇನೆ. ನಾನು ಕಲಿತು ಬಂದದ್ದು ಅಥ್ಲೆಟಿಕ್ಸ್ ಮತ್ತು ವಾಲಿಬಾಲ್. ಫುಟ್‌ಬಾಲ್ ಬಗ್ಗೆ ನನಗಿರುವ ತಿಳಿವಳಿಕೆ ನೋಡಿ, ಓದಿ ಬಂದದ್ದು.

ನಮ್ಮ ತೊಂದರೆ ಹೀಗಿದೆ. ತಾಲ್ಲೂಕು ಮಟ್ಟದ ಪಂದ್ಯಗಳಲ್ಲಿ ಎದುರಾಳಿ ತಂಡ ಒಂದು ಗೋಲು ಹೊಡೆದ ಕೂಡಲೇ ಎಂಟು ಒಂಬತ್ತು ಜನರನ್ನು ಗೋಲಿನ ಮುಂದೆ ನಿಲ್ಲಿಸಿಬಿಡುತ್ತದೆ. ನಮ್ಮ ಪಾಸುಗಳು ಆ ಗುಂಪಿನೊಳಗೆ ನುಗ್ಗುವುದಿಲ್ಲ. ಅವರು ಹೊರಗೆ ತಳ್ಳಿದ ಚೆಂಡು ಮತ್ತೆ ಮತ್ತೆ ಪೆನಾಲ್ಟಿ ಬಾಕ್ಸ್‌ನ ಅಂಚಿನಲ್ಲಿ, ಅರ್ಧವೃತ್ತದ ಹತ್ತಿರ, ನಮ್ಮ ಮಿಡ್‌ಫೀಲ್ಡರ್‌ಗಳ ಕಾಲಿಗೇ ಬಂದು ಬೀಳುತ್ತದೆ. ಅಲ್ಲಿಂದ ಹೊಡೆದರೆ ಒಂದೋ ಚೆಂಡು ಮೇಲಿನ ಕಂಬವನ್ನು ದಾಟಿ ಪಕ್ಕದ ಕಾಫಿ ತೋಟಕ್ಕೆ ಹೋಗುತ್ತದೆ, ಇಲ್ಲವೇ ಉರುಳುತ್ತ ಹೋಗಿ ಕೀಪರ್‌ನ ಕೈ ಸೇರುತ್ತದೆ.

ಇದಕ್ಕಾಗಿ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಇಪ್ಪತ್ತೈದು ಮೀಟರ್ ದೂರದಲ್ಲಿ ಚೆಂಡಿಟ್ಟು, ಒಬ್ಬೊಬ್ಬರಾಗಿ ಓಡಿಬಂದು ಹೊಡೆಯುವ ಅಭ್ಯಾಸ ಮಾಡಿಸುತ್ತಿದ್ದೇನೆ. ಹೊಡೆತದ ಜೋರು ಸ್ವಲ್ಪ ಹೆಚ್ಚಿದೆಯಾದರೂ ಪಂದ್ಯದಲ್ಲಿ ಅದರ ಫಲ ಕಾಣುತ್ತಿಲ್ಲ. ಎಷ್ಟು ದೂರದಿಂದ ಆರಂಭಿಸಬೇಕು, ಪಾದದ ಯಾವ ಭಾಗದಿಂದ ಹೊಡೆಸಬೇಕು, ದಿನಕ್ಕೆ ಎಷ್ಟು ಹೊಡೆತ ಸಾಕು, ಮಳೆಗಾಲದಲ್ಲಿ ಏನಾದರೂ ಬದಲಿಸಬೇಕೇ ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು. ನಮ್ಮ ಮೈದಾನ ಕೆಂಪು ಮಣ್ಣು ಮತ್ತು ಜಲ್ಲಿಯದು. ಹುಲ್ಲಿರುವುದು ಅಂಚಿನಲ್ಲಿ ಮಾತ್ರ. ಗೋಲುಗಳಲ್ಲಿ ಒಂದಕ್ಕೆ ಬಲೆಯಿಲ್ಲ.

ಸಕಲೇಶಪುರದ ಹಳೇ ಹಾಫ್:

ಮೇಷ್ಟ್ರೇ, ನಿಮ್ಮ ಪ್ರಶ್ನೆಯಲ್ಲಿಯೇ ಅರ್ಧ ಉತ್ತರವಿದೆ. ನೀವು ಅಭ್ಯಾಸ ಮಾಡಿಸುತ್ತಿರುವ ಹೊಡೆತ ಫ್ರೀ ಕಿಕ್‌ನದು. ಚೆಂಡು ನಿಂತಿರುತ್ತದೆ, ಹುಡುಗನಿಗೆ ಬೇಕಾದಷ್ಟು ಸಮಯವಿರುತ್ತದೆ, ಎದುರಿಗೆ ಯಾರೂ ಇರುವುದಿಲ್ಲ. ಪಂದ್ಯದಲ್ಲಿ ಅವನ ಕಾಲಿಗೆ ಬರುವ ಚೆಂಡು ಡಿಫೆಂಡರ್‌ನ ಮಂಡಿಗೋ ತಲೆಗೋ ತಗುಲಿ, ಜಲ್ಲಿಯ ಮೇಲೆ ಪುಟಿಯುತ್ತ, ಓರೆಯಾಗಿ ಬಂದಿರುತ್ತದೆ. ಅದನ್ನು ಹತೋಟಿಗೆ ತರುವಷ್ಟರಲ್ಲಿ ಯಾರಾದರೊಬ್ಬರು ಮೈಮೇಲೆ ಬಂದಿರುತ್ತಾರೆ. ಹೀಗಾಗಿ ದೂರದ ಹೊಡೆತದ ಹಣೆಬರಹ ನಿರ್ಧಾರವಾಗುವುದು ಹೊಡೆಯುವಾಗ ಅಲ್ಲ, ಅದರ ಹಿಂದಿನ ಸ್ಪರ್ಶದಲ್ಲಿ. ಕಲಿಸುವುದನ್ನು ಅಲ್ಲಿಂದ ಆರಂಭಿಸಿ.

ಆ ಸ್ಪರ್ಶ ಹೇಗಿರಬೇಕೆಂದರೆ, ಚೆಂಡು ಕಾಲಡಿಯಲ್ಲಿ ಸತ್ತು ನಿಲ್ಲಬಾರದು. ಒಂದೂವರೆ ಎರಡು ಹೆಜ್ಜೆ ಮುಂದಕ್ಕೆ, ಹೊಡೆಯುವ ಕಾಲಿನ ಕಡೆಗೆ ಸ್ವಲ್ಪ ಓರೆಯಾಗಿ ಸರಿಯಬೇಕು. ಬಲಗಾಲಿನವನಾದರೆ ಚೆಂಡು ತುಸು ಬಲಕ್ಕೆ ಹೋಗಬೇಕು, ಆಗ ಅವನು ಅದರತ್ತ ಓರೆಯಾಗಿಯೇ ಹೆಜ್ಜೆ ಹಾಕುತ್ತಾನೆ, ಸೊಂಟ ತಿರುಗಲು ಜಾಗ ಸಿಗುತ್ತದೆ. ಚೆಂಡು ನೇರವಾಗಿ ಪಾದದ ಮುಂದೆಯೇ ಉಳಿದರೆ ಎಂಥ ಬಲಶಾಲಿಯೂ ಅದನ್ನು ಒದೆಯಬಲ್ಲನೇ ಹೊರತು ಹೊಡೆಯಲಾರ. 2006ರ ವಿಶ್ವಕಪ್‌ನ ಮೊದಲ ಪಂದ್ಯದಲ್ಲಿ ಕೋಸ್ಟರಿಕಾ ವಿರುದ್ಧ ಜರ್ಮನಿಯ ಫಿಲಿಪ್ ಲಾಮ್ ಹೊಡೆದ ಗೋಲನ್ನು ಹುಡುಗರಿಗೆ ತೋರಿಸಿ. ಎಲ್ಲರೂ ನೆನಪಿಟ್ಟುಕೊಂಡಿರುವುದು ಚೆಂಡು ದೂರದ ಮೂಲೆಗೆ ಬಾಗಿ ಹೋದದ್ದನ್ನು. ಆದರೆ ಎಡ ಅಂಚಿನಿಂದ ಒಳಗೆ ಬಂದು, ಎದುರಿದ್ದವನನ್ನು ದಾಟಿ, ಚೆಂಡನ್ನು ತನ್ನ ಬಲಗಾಲಿಗೆ ಒಪ್ಪಿಸಿಕೊಂಡ ಆ ಒಳಹೆಜ್ಜೆಗಳಲ್ಲೇ ಅರ್ಧ ಗೋಲು ಆಗಿಹೋಗಿತ್ತು. ಇದರ ಬದಲು ನಮ್ಮ ಹುಡುಗರು ಮೊಬೈಲಿನಲ್ಲಿ ನೋಡುವುದು 1997ರಲ್ಲಿ ಫ್ರಾನ್ಸ್ ವಿರುದ್ಧ ರಾಬರ್ಟೊ ಕಾರ್ಲೊಸ್ ಪಾದದ ಹೊರಬದಿಯಿಂದ ಹೊಡೆದ ಫ್ರೀ ಕಿಕ್ಕನ್ನು. ಅದು ನೋಡಲು ಸೊಗಸು, ಕಲಿಯಲು ಬಾರದು.

ಇನ್ನು ದೂರ. ಪೆನಾಲ್ಟಿ ಬಾಕ್ಸ್‌ನ ಗೆರೆ ಗೋಲುಗೆರೆಯಿಂದ 16.5 ಮೀಟರ್. ಪೆನಾಲ್ಟಿ ಚುಕ್ಕೆ 11 ಮೀಟರ್, ಅದರಿಂದ 9.15 ಮೀಟರ್ ತ್ರಿಜ್ಯದಲ್ಲಿ ಎಳೆದ ಕಮಾನಿನ ತುದಿ 20.15 ಮೀಟರ್‌ಗೆ ಬರುತ್ತದೆ. ನೀವು ಹೇಳಿದ ಚೆಂಡುಗಳು ಬೀಳುವುದು ಈ ಗೆರೆಗೂ ಆ ಕಮಾನಿನ ತುದಿಗೂ ನಡುವೆ. ಹಾಗಿರುವಾಗ ಹದಿನೈದರ ಹುಡುಗನನ್ನು ಇಪ್ಪತ್ತೈದು ಮೀಟರ್‌ನಲ್ಲಿ ನಿಲ್ಲಿಸಿದರೆ ಅವನು ದೂರವನ್ನು ಗೆಲ್ಲಲು ಮೈಯನ್ನು ಹಿಂದಕ್ಕೆ ಬಾಗಿಸಲು ಕಲಿಯುತ್ತಾನೆ, ಮತ್ತು ಆ ಚಾಳಿ ಬಿಡಿಸುವುದು ಬಲು ಕಷ್ಟ. ಹದಿನಾಲ್ಕು ಮೀಟರ್‌ನಿಂದ ಆರಂಭಿಸಿ. ಮೈ ಹಿಂದಕ್ಕೆ ಬಾಗದೆ, ಓಟ ಉದ್ದವಾಗದೆ, ಚೆಂಡು ಸೊಂಟದೆತ್ತರವನ್ನು ಮೀರದೆ ಹೋಗುತ್ತಿದೆ ಎಂದಾದ ಮೇಲೆ ಎರಡು ಹೆಜ್ಜೆ ಹಿಂದೆ ಸರಿಸಿ. ಕೆಟ್ಟರೆ ಮತ್ತೆ ಮುಂದೆ ತನ್ನಿ. ತಂಡದಲ್ಲಿ ಎಲ್ಲರಿಗೂ ಒಂದೇ ದೂರವಿರಬೇಕಾಗಿಲ್ಲ.

ಹೊಡೆತದ ಭಂಗಿಯ ವಿಚಾರಕ್ಕೆ ಬರುತ್ತೇನೆ. ತೋಟಕ್ಕೆ ಹೋಗುವ ಚೆಂಡುಗಳ ಕಾರಣ ಬಹುಪಾಲು ಹೊಡೆಯುವ ಕಾಲಿನಲ್ಲಿಲ್ಲ, ಊರಿದ ಕಾಲಿನಲ್ಲಿದೆ. ಊರುವ ಪಾದ ಚೆಂಡಿನ ಪಕ್ಕಕ್ಕೆ, ಸುಮಾರು ಒಂದು ಗೇಣು ಅಂತರದಲ್ಲಿ, ಬೆರಳುಗಳು ಗುರಿಯ ಕಡೆಗಿರುವಂತೆ ಬೀಳಬೇಕು. ಅದು ಚೆಂಡಿನ ಹಿಂದೆಯೇ ಉಳಿದರೆ ಹೊಡೆಯುವ ಪಾದ ಮೇಲಕ್ಕೇಳುತ್ತಿರುವಾಗ ಚೆಂಡಿನ ಅಡಿಗೆ ತಗುಲುತ್ತದೆ. ಎದೆ ಆಕಾಶ ನೋಡುತ್ತದೆ, ಚೆಂಡೂ ಆಕಾಶಕ್ಕೇ ಹೋಗುತ್ತದೆ. ಕೊನೆಯ ಹೆಜ್ಜೆ ಅದರ ಹಿಂದಿನವುಗಳಿಗಿಂತ ಉದ್ದವಿರಲಿ, ಏಕೆಂದರೆ ಸೊಂಟ ಹಿಂದಕ್ಕೆ ತೆರೆದುಕೊಂಡು ಮತ್ತೆ ಮುಂದಕ್ಕೆ ತಿರುಗುವುದಕ್ಕೆ ಬೇಕಾದ ಅವಕಾಶ ಆ ಹೆಜ್ಜೆಯಲ್ಲೇ ಸಿಗುತ್ತದೆ. ಎದುರುಗಡೆಯ ಕೈ ಅಗಲವಾಗಿ ಚಾಚಿರಲಿ. ಕಾಲು ಬೀಸುವಾಗ ಮೊದಲು ತೊಡೆ ಮುಂದೆ ಬರುತ್ತದೆ, ಮೊಣಕಾಲಿನ ಕೆಳಗಿನ ಭಾಗ ಹಿಂದುಳಿದಿರುತ್ತದೆ. ತೊಡೆಯ ವೇಗ ತಗ್ಗುವ ಹೊತ್ತಿಗೆ ಕೆಳಗಾಲು ಚಾಟಿಯ ತುದಿಯಂತೆ ಚಿಮ್ಮುತ್ತದೆ. ಹಾಗಾಗಿ ಜೋರು ಬರುವುದು ತೊಡೆಯ ಗಾತ್ರದಿಂದ ಅಲ್ಲ, ಈ ಸರದಿ ತಪ್ಪದಿರುವುದರಿಂದ. ತೆಳ್ಳಗಿನ ಹುಡುಗನೊಬ್ಬ ದಪ್ಪಗಿನವನಿಗಿಂತ ಬಿರುಸಾಗಿ ಹೊಡೆಯುವುದನ್ನು ನೀವೂ ನೋಡಿರುತ್ತೀರಿ. ಚೆಂಡಿಗೆ ತಗುಲಬೇಕಾದದ್ದು ಬೂಟಿನ ಲೇಸ್ ಕಟ್ಟುವ ಜಾಗದ ಗಟ್ಟಿ ಮೂಳೆ. ಬೆರಳುಗಳು ಕೆಳಮುಖವಾಗಿ ಚಾಚಿ, ಪಾದದ ಕೀಲು ಅಲುಗದಂತಿರಬೇಕು. ಅದು ಸಡಿಲವಾಗಿದ್ದರೆ ಬೀಸಿನ ಬಲದಲ್ಲಿ ಒಂದಷ್ಟು ಅಲ್ಲೇ ವ್ಯರ್ಥವಾಗುತ್ತದೆ. ಹೊಡೆದ ಬಳಿಕ ಹುಡುಗ ಹೊಡೆದ ಕಾಲಿನ ಮೇಲೆಯೇ ಮುಂದಕ್ಕೆ ಇಳಿದರೆ ಮೈಭಾರ ಚೆಂಡಿನ ಹಿಂದೆ ಹೋಗಿದೆ ಎಂದು ತಿಳಿಯಬಹುದು. ದೂರದಲ್ಲಿ ನಿಂತು ನೋಡುವ ಕೋಚ್‌ಗೆ ಇದಕ್ಕಿಂತ ಸುಲಭದ ಗುರುತಿಲ್ಲ.

ಆದರೆ ಇವನ್ನೆಲ್ಲ ಹುಡುಗರಿಗೆ ಹೇಳಲು ಹೋಗಬೇಡಿ. ಇದು ನೀವು ನೋಡುವುದಕ್ಕೆ. ಕಲಿಯುವವನ ಗಮನವನ್ನು ಅವನ ಅಂಗಾಂಗಗಳ ಮೇಲೆ ಕೂರಿಸುವುದಕ್ಕಿಂತ ಹೊರಗಿನ ಗುರಿಯೊಂದರ ಮೇಲೆ ಕೂರಿಸಿದರೆ ಚಲನೆ ಚೆನ್ನಾಗಿ ಮೈಗೂಡುತ್ತದೆ ಎಂಬುದು ಕ್ರೀಡಾ ಕಲಿಕೆಯ ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಎರಡು ಕಂಬಗಳ ನಡುವೆ ನೆಲದಿಂದ ಒಂದು ಮೀಟರ್ ಎತ್ತರಕ್ಕೆ ನೈಲಾನ್ ಹಗ್ಗ ಕಟ್ಟಿ, ‘ಹಗ್ಗದ ಕೆಳಗೆ ಹೋಗಲಿ’ ಎಂದಷ್ಟೇ ಹೇಳಿ. ಮೈ ತಾನಾಗಿ ಚೆಂಡಿನ ಮೇಲೆ ಬಾಗುತ್ತದೆ. ತಪ್ಪು ಮುಂದುವರಿದರೆ ಮಾತ್ರ ಒಂದೇ ಒಂದು ಸೂಚನೆ ಕೊಡಿ, ಅದೂ ಊರುವ ಪಾದದ ಬಗ್ಗೆ.

ಹಾಸನದ ಭೌತಶಾಸ್ತ್ರ ಉಪನ್ಯಾಸಕ:

ಹಳೇ ಹಾಫ್ ಅವರು ಭಂಗಿಯ ಬಗ್ಗೆ ಹೇಳಿದ ಮೇಲೆ ನನಗೆ ಅಲ್ಲಿ ಸೇರಿಸುವುದೇನೂ ಇಲ್ಲ. ಚೆಂಡಿನ ಬಗ್ಗೆ ಮಾತ್ರ ಒಂದಿಷ್ಟು ಬರೆಯುತ್ತೇನೆ. ನಮ್ಮ ಶಾಲೆ ಕಾಲೇಜುಗಳಲ್ಲಿ ಚೆಂಡಿಗೆ ಗಾಳಿ ತುಂಬುವುದನ್ನು ಯಾರೂ ತರಬೇತಿಯ ಭಾಗವೆಂದು ಎಣಿಸುವುದಿಲ್ಲ.

ನಿಯಮದ ಪ್ರಕಾರ ಐದನೆಯ ಅಳತೆಯ ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್, ಪಂದ್ಯದ ಆರಂಭದಲ್ಲಿ ತೂಕ 410ರಿಂದ 450 ಗ್ರಾಂ, ಒಳಗಿನ ಒತ್ತಡ 0.6ರಿಂದ 1.1 ಅಟ್ಮಾಸ್ಫಿಯರ್. ಒತ್ತಡದ ಈ ಅಂತರ ಬಹಳ ದೊಡ್ಡದು. ಕೆಳತುದಿಯ ಚೆಂಡು ಪಾದಕ್ಕೆ ಮೆತ್ತಗೆ ಅಂಟಿ ಹೋಗುತ್ತದೆ, ಮೇಲ್ತುದಿಯದು ಕಲ್ಲಿನಂತೆ ಪುಟಿಯುತ್ತದೆ. ಒಂದು ದಿನ ಒಂದರಲ್ಲಿ, ಮರುದಿನ ಇನ್ನೊಂದರಲ್ಲಿ ಅಭ್ಯಾಸ ಮಾಡಿದ ಹುಡುಗನ ಅಂದಾಜು ಎಂದೂ ಕೂರುವುದಿಲ್ಲ. ಪಾದವೂ ಚೆಂಡೂ ತಗುಲಿಕೊಂಡಿರುವುದು ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಹೊತ್ತು ಮಾತ್ರ; ಹುಡುಗನಿಗೆ ತಿದ್ದಿಕೊಳ್ಳಲು ಅಲ್ಲಿ ಸಮಯವಿಲ್ಲ. ಸೂಜಿಯ ಜೊತೆಗೆ ಒತ್ತಡ ತೋರಿಸುವ ಮೀಟರ್ ಒಂದನ್ನು ಕೊಂಡು, ಸದಾ ಒಂದೇ ಅಳತೆಗೆ, ನಡುಮಟ್ಟದ 0.8ಕ್ಕೆ, ತುಂಬಿಸಿಡಿ. ಡಿಸೆಂಬರ್ ಬೆಳಗಿನ ಚಳಿಗೂ ಅದೇ ದಿನದ ಮಧ್ಯಾಹ್ನದ ಬಿಸಿಲಿಗೂ ಹತ್ತು ಹದಿನೈದು ಡಿಗ್ರಿ ಅಂತರವಿದ್ದರೆ ಒಳಗಿನ ಒತ್ತಡವೂ ಸುಮಾರು 0.06ರಿಂದ 0.09 ಅಟ್ಮಾಸ್ಫಿಯರ್‌ನಷ್ಟು ಏರಿಳಿಯುತ್ತದೆ, ಆದ್ದರಿಂದ ಅಳೆಯುವುದನ್ನು ಆಟಕ್ಕೆ ಮುಂಚೆಯೇ ಮಾಡಬೇಕು.

ನಮ್ಮ ಎರಡೂ ಜಿಲ್ಲೆಗಳ ಬಹುಭಾಗ ಸಮುದ್ರಮಟ್ಟದಿಂದ ಸಾವಿರ ಮೀಟರ್ ಆಸುಪಾಸಿನಲ್ಲಿದೆ. ಇಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು ಹತ್ತನೆಯ ಒಂದು ಭಾಗ ಕಡಿಮೆ. ಗಾಳಿ ತೆಳುವಾದಷ್ಟೂ ಚೆಂಡಿಗೆ ತಡೆ ಕಡಿಮೆಯಾಗುತ್ತದೆ, ತಿರುಗುವ ಚೆಂಡು ಬಾಗುವುದೂ ಕಡಿಮೆಯಾಗುತ್ತದೆ. ಜೊಹಾನ್ಸ್‌ಬರ್ಗ್ ಇನ್ನೂ ಎತ್ತರದಲ್ಲಿದೆ, ಸುಮಾರು 1,750 ಮೀಟರ್. 2010ರ ವಿಶ್ವಕಪ್‌ನಲ್ಲಿ ಎಂಟೇ ತುಂಡುಗಳ ‘ಜಬುಲಾನಿ’ ಚೆಂಡು ಗಾಳಿಯಲ್ಲಿ ತತ್ತರಿಸುತ್ತದೆ ಎಂದು ಕೀಪರ್‌ಗಳು ದೂರಿದ್ದು ನೆನಪಿರಬಹುದು. ತೀರ ನುಣುಪಾದ ಚೆಂಡು ತಿರುಗದೆ ಹೋದಾಗ, ಗಂಟೆಗೆ 70–80 ಕಿಲೋಮೀಟರ್ ವೇಗದ ಆಸುಪಾಸಿನಲ್ಲಿ ಹೀಗೆ ಅಡ್ಡಾದಿಡ್ಡಿ ಅಲುಗುತ್ತದೆಂದು ಗಾಳಿಸುರಂಗದ ಪರೀಕ್ಷೆಗಳಲ್ಲಿ ಕಂಡುಬಂತು. ನಮ್ಮ ಮೈದಾನಗಳಲ್ಲಿ ಆಡುವ 32 ತುಂಡುಗಳ, ಆಳ ಹೊಲಿಗೆಯ ಚೆಂಡಿಗೆ ಆ ಗುಣ ಕಡಿಮೆ. ಆದ್ದರಿಂದ ಹುಡುಗರಿಗೆ ‘ತಿರುಗಿಸದೆ ಹೊಡೆಯುವ’ ಗೀಳು ಹಿಡಿಸಬೇಡಿ.

ಮಳೆಗಾಲದ ಪ್ರಶ್ನೆಗೆ: ಹಳೆಯ ಹೊಲಿಗೆಯ ಚೆಂಡು ನೀರು ಕುಡಿದು ಭಾರವಾಗುತ್ತದೆ. ಅದೇ ಬೀಸಿಗೆ ಅದು ನಿಧಾನವಾಗಿ ಹೋಗುತ್ತದೆ ಮತ್ತು ಪಾದಕ್ಕೆ ಹೆಚ್ಚು ಪೆಟ್ಟು ಕೊಡುತ್ತದೆ. ಅಂಥದ್ದರಲ್ಲಿ ದೂರದ ಹೊಡೆತ ಅಭ್ಯಾಸ ಮಾಡಿಸಬಾರದು. ಒಣಗಿದ ಚೆಂಡೊಂದನ್ನು ಮೀಸಲಿಡಿ. ಪಂದ್ಯದಲ್ಲಾದರೆ ಒದ್ದೆ ನೆಲ ಹೊಡೆಯುವವನ ಪರವಾಗಿಯೇ ಇರುತ್ತದೆ. ಕೀಪರ್‌ನ ಮುಂದೆ ಎರಡು ಮೂರು ಮೀಟರ್‌ನಲ್ಲಿ ಬಿದ್ದ ತಗ್ಗಿನ ಚೆಂಡು ಪುಟಿಯುವ ಬದಲು ಜಾರುತ್ತದೆ. ನೀರು ನಿಂತ ಗುಂಡಿಯಲ್ಲಿ ಬಿದ್ದರೆ ಅಲ್ಲೇ ನಿಲ್ಲುತ್ತದೆ ಎಂಬುದೂ ನಿಜ, ಹಾಗಾಗಿ ಪಂದ್ಯಕ್ಕೆ ಮುಂಚೆ ಗೋಲಿನ ಮುಂದಿನ ನೆಲವನ್ನು ಒಮ್ಮೆ ನಡೆದು ನೋಡುವುದೊಳ್ಳೆಯದು.

ಕಡೂರಿನವ, ಈಗ ಬೆಂಗಳೂರಿನಲ್ಲಿ:

ಎಲ್ಲರೂ ಹೇಗೆ ಹೊಡೆಯಬೇಕೆಂದು ಹೇಳುತ್ತಿದ್ದೀರಿ. ಹೊಡೆಯಬೇಕೇ ಎಂಬ ಪ್ರಶ್ನೆಯನ್ನೂ ಕೇಳಬೇಕಲ್ಲವೇ? ದೊಡ್ಡ ಲೀಗ್‌ಗಳ ಲೆಕ್ಕ ನೋಡಿದರೆ ಪೆನಾಲ್ಟಿ ಬಾಕ್ಸ್‌ನ ಹೊರಗಿನಿಂದ ಹೊಡೆದ ಚೆಂಡುಗಳಲ್ಲಿ ಗೋಲಾಗುವುದು ನೂರಕ್ಕೆ ಮೂರೋ ನಾಲ್ಕೋ ಮಾತ್ರ. ಈ ಲೆಕ್ಕ ಗೊತ್ತಾದ ಮೇಲೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಂಥ ಕಡೆ ತಂಡಗಳು ದೂರದಿಂದ ಹೊಡೆಯುವುದನ್ನೇ ವರ್ಷದಿಂದ ವರ್ಷಕ್ಕೆ ಕಡಿಮೆ ಮಾಡಿವೆ. ಜಗತ್ತಿನ ಅತ್ಯುತ್ತಮ ಕಾಲುಗಳಿಗೇ ಇಷ್ಟು ಸಿಗುವಾಗ, ತಾಲ್ಲೂಕು ಮಟ್ಟದ ಹುಡುಗರು ತರಬೇತಿಯ ಅಮೂಲ್ಯ ಸಮಯವನ್ನು ಇದಕ್ಕೆ ಸುರಿಯಬೇಕೇ? ಅದೇ ಸಮಯದಲ್ಲಿ ಚೆಂಡನ್ನು ಅಂಚಿಗೆ ಸರಿಸಿ, ಡಿಫೆಂಡರ್‌ಗಳ ಹಿಂದೆ ನೆಲದ ಮೇಲೆ ಅಡ್ಡಲಾಗಿ ತಳ್ಳುವುದನ್ನು ಕಲಿಸಿದರೆ ಹೆಚ್ಚು ಗೋಲು ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ದೂರದ ಹೊಡೆತವೇ ಬೇಡ ಎನ್ನುತ್ತಿಲ್ಲ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಾಗ, ಮೈಸೂರು ಎಂಬ ಹೆಸರಿನಲ್ಲಿ 1968–69ರಲ್ಲಿ ಗೆದ್ದ ಬಳಿಕ ಮೊದಲ ಬಾರಿ ಆ ಕಪ್ಪು ನಮ್ಮ ರಾಜ್ಯಕ್ಕೆ ಬಂತು. ಆ ಮೂರರಲ್ಲಿ ಒಂದು ರಾಬಿನ್ ಯಾದವ್ ಫ್ರೀ ಕಿಕ್‌ನಿಂದ ನೇರವಾಗಿ ಹೊಡೆದ ಗೋಲು. ಅಂಥ ಕಾಲಿರುವ ಒಬ್ಬಿಬ್ಬರನ್ನು ಗುರುತಿಸಿ ಅವರಿಗೆ ಮಾತ್ರ ಕಲಿಸಿ. ಉಳಿದವರಿಗೆ ಯಾವಾಗ ಹೊಡೆಯಬಾರದು ಎಂಬುದನ್ನು ಕಲಿಸಿ.

ಸಕಲೇಶಪುರದ ಹಳೇ ಹಾಫ್:

ಕಡೂರಿನವರ ಕೊನೆಯ ಸಾಲನ್ನು ಒಪ್ಪುತ್ತೇನೆ. ಗೋಲಿನವರೆಗೆ ಒಂದು ಓಣಿ ಕಣ್ಣಿಗೆ ಕಾಣಬೇಕು, ಚೆಂಡು ತನ್ನ ಹೊಡೆಯುವ ಕಾಲಿನ ಮುಂದೆ ಇರಬೇಕು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಪಾಸ್ ಮಾಡಬೇಕು. ಇದನ್ನು ಹುಡುಗರಿಗೆ ಬಾಯಿಪಾಠ ಮಾಡಿಸಿದರೂ ತಪ್ಪಿಲ್ಲ.

ಆದರೆ ಆ ನೂರಕ್ಕೆ ಮೂರು ನಾಲ್ಕು ಎಂಬ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ತರುವುದು ಸರಿಯಲ್ಲ. ಅದು ಆರು ಅಡಿ ಮೀರಿದ, ದಿನವಿಡೀ ಅದನ್ನೇ ಅಭ್ಯಾಸ ಮಾಡುವ ವೃತ್ತಿಪರ ಕೀಪರ್‌ಗಳ ಎದುರಿನ ಲೆಕ್ಕ. ನಮ್ಮ ಶಾಲೆಗಳಲ್ಲಿ ಕೀಪರ್ ಆಗುವವನು ಬಹುತೇಕ ಓಡಲು ಆಗದವನು ಅಥವಾ ಬೇರೆ ಜಾಗ ಸಿಗದವನು. ಅವನ ಮುಂದಿರುವುದು ಮಾತ್ರ ಅದೇ 7.32 ಮೀಟರ್ ಅಗಲ, 2.44 ಮೀಟರ್ ಎತ್ತರದ ಗೋಲು. ಇಪ್ಪತ್ತು ಮೀಟರ್‌ನಿಂದ ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಹೊರಟ ಚೆಂಡು ಒಂದು ಸೆಕೆಂಡಿಗೆ ತುಸು ಹೆಚ್ಚು ಸಮಯದಲ್ಲಿ ಗೋಲುಗೆರೆ ಮುಟ್ಟುತ್ತದೆ. ಅಷ್ಟರಲ್ಲಿ ಅವನು ಕಾಲುಗಳ ಕಾಡಿನ ನಡುವೆ ಚೆಂಡನ್ನು ಕಂಡು, ನಿರ್ಧರಿಸಿ, ಮೂರೂವರೆ ಮೀಟರ್ ಆಚೆಯ ಕಂಬದ ಬುಡಕ್ಕೆ ಜಲ್ಲಿಯ ಮೇಲೆ ಹಾರಬೇಕು. ಜಲ್ಲಿಯ ಮೇಲೆ ಹಾರಲು ಯಾವ ಹುಡುಗನಿಗೂ ಮನಸ್ಸು ಬರುವುದಿಲ್ಲ!

ಎರಡನೆಯದಾಗಿ, ಆ ಲೆಕ್ಕದಲ್ಲಿ ನೇರವಾಗಿ ಒಳಗೆ ಹೋದ ಚೆಂಡು ಮಾತ್ರ ಸೇರುತ್ತದೆ. ಕೀಪರ್ ಕೈಬಿಟ್ಟದ್ದು, ಕಂಬಕ್ಕೆ ಬಡಿದು ವಾಪಸಾದದ್ದು, ಡಿಫೆಂಡರ್‌ಗೆ ತಗುಲಿ ಕಾರ್ನರ್ ಸಿಕ್ಕಿದ್ದು ಸೇರುವುದಿಲ್ಲ. ಹೀಗಾಗಿ ನನ್ನ ಪ್ರಕಾರ ದೂರದ ಹೊಡೆತವೆಂದರೆ ಇಬ್ಬರ ಕೆಲಸ: ಹೊಡೆಯುವವನದು ಒಂದು, ಹೊಡೆಯಲು ಕಾಲು ಎತ್ತಿದ್ದನ್ನು ನೋಡಿದ ಕೂಡಲೇ ದೂರದ ಕಂಬದ ಕಡೆಗೆ ಓಡುವವನದು ಇನ್ನೊಂದು. ಹೊಡೆಯುವ ಕ್ಷಣದಲ್ಲಿ ಎರಡನೆಯವನು ಆಫ್‌ಸೈಡ್ ಜಾಗದಲ್ಲಿ, ಅಂದರೆ ಚೆಂಡಿಗಿಂತಲೂ ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಗೋಲುಗೆರೆಗೆ ಹತ್ತಿರ, ನಿಂತಿರಬಾರದು ಎಂಬುದನ್ನು ಒತ್ತಿ ಹೇಳಬೇಕು, ಏಕೆಂದರೆ ವಾಪಸಾದ ಚೆಂಡನ್ನು ಅವನು ಮುಟ್ಟಿದರೆ ಲೈನ್ಸ್‌ಮನ್ ಬಾವುಟ ಏಳುತ್ತದೆ. ತಗ್ಗಾಗಿ, ದೂರದ ಕಂಬದತ್ತ ಹೊಡೆಯಿರಿ ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣ ಇದೇ. ಹತ್ತಿರದ ಕಂಬದ ಕಡೆ ತಪ್ಪಿದ ಚೆಂಡು ಹೊರಗೆ ಹೋಗುತ್ತದೆ, ದೂರದ ಕಂಬದ ಕಡೆ ಕೀಪರ್ ತಡೆದ ಚೆಂಡು ಮೈದಾನದಲ್ಲೇ ಉಳಿಯುತ್ತದೆ.

ಇನ್ನೊಂದು ಮಾತು. ಎಂಟು ಜನ ಗೋಲಿನ ಮುಂದೆ ನಿಂತಿರುವಾಗ ಅಂಚಿನಿಂದ ಅಡ್ಡ ಪಾಸ್ ಕೊಡುವುದೂ ಕಷ್ಟವೇ. ಎರಡು ಮೂರು ಸಲ ದೂರದಿಂದ ಗುರಿಗೆ ಹೊಡೆದರೆ ಆ ಎಂಟರಲ್ಲಿ ಇಬ್ಬರಾದರೂ ಮುಂದೆ ಬರುತ್ತಾರೆ; ಕಡೂರಿನವರು ಹೇಳುವ ಹಿಂಬದಿಯ ಜಾಗ ತೆರೆಯುವುದು ಆಗ.

ಹಾಸನದ ಫಿಸಿಯೊ:

ಮೇಷ್ಟ್ರು ದಿನಕ್ಕೆ ಎಷ್ಟು ಹೊಡೆತ ಎಂದು ಕೇಳಿದ್ದಕ್ಕೆ ಯಾರೂ ಉತ್ತರಿಸದ ಕಾರಣ ಬರೆಯುತ್ತಿದ್ದೇನೆ. ಪೂರ್ಣ ಬಲದ ಹೊಡೆತಗಳನ್ನು ಈ ವಯಸ್ಸಿನಲ್ಲಿ ಒಂದು ಅಭ್ಯಾಸಕ್ಕೆ ಒಬ್ಬನಿಗೆ ಇಪ್ಪತ್ತರ ಆಸುಪಾಸಿಗೆ ಮಿತಿಗೊಳಿಸಿ, ವಾರಕ್ಕೆ ಎರಡು ದಿನ ಸಾಕು, ಆ ಎರಡು ದಿನ ಒಂದರ ಹಿಂದೊಂದು ಬಾರದಿರಲಿ ಎಂದು ನಾನು ಸಲಹೆ ಕೊಡುತ್ತೇನೆ.

ಹದಿಮೂರರಿಂದ ಹದಿನೇಳರ ನಡುವೆ ಮೂಳೆ ವೇಗವಾಗಿ ಬೆಳೆಯುತ್ತದೆ, ಸ್ನಾಯು ಮತ್ತು ಸ್ನಾಯುಬಂಧ ಅದರ ಹಿಂದೆ ಎಳೆದುಕೊಂಡು ಹೋಗುತ್ತವೆ. ಮಂಡಿಚಿಪ್ಪಿನ ಕೆಳಗೆ ಕೆಳಗಾಲಿನ ಮೂಳೆ ಉಬ್ಬಿ ನೋಯುವ ಆಸ್‌ಗುಡ್–ಶ್ಲಾಟರ್ ತೊಂದರೆ ಈ ವಯಸ್ಸಿನ ಆಟಗಾರರಲ್ಲಿ ಸಾಮಾನ್ಯ. ಅದಕ್ಕಿಂತ ಗಂಭೀರವಾದದ್ದು, ತೊಡೆಯ ಮುಂಭಾಗದ ಸ್ನಾಯು ಸೊಂಟದ ಮೂಳೆಗೆ ಅಂಟುವ ಜಾಗದಲ್ಲಿ ಆಗುವ ಪೆಟ್ಟು. ಜೋರಾಗಿ ಹೊಡೆಯುವ ಕ್ಷಣದಲ್ಲಿ ‘ಟಕ್’ ಎಂದಂತಾಗಿ ಸೊಂಟದ ಮುಂಭಾಗದಲ್ಲಿ ತೀವ್ರ ನೋವು ಕಂಡರೆ ಅದು ಬರೀ ಸ್ನಾಯು ಹಿಡಿದದ್ದಲ್ಲದಿರಬಹುದು. ಬೆಳೆಯುತ್ತಿರುವ ಮೂಳೆಯ ಚೂರು ಕಿತ್ತುಬಂದಿರಬಹುದು. ಎಣ್ಣೆ ತಿಕ್ಕಿ ಆಟಕ್ಕೆ ಕಳಿಸದೆ ಎಕ್ಸ್‌ರೇ ಮಾಡಿಸಿ.

ತೊಡೆಸಂದಿನ ನೋವು ತಡೆಯಲು ‘ಕೋಪನ್‌ಹೇಗನ್’ ಎಂದು ಕರೆಯುವ ವ್ಯಾಯಾಮ ಚೆನ್ನಾಗಿ ಕೆಲಸ ಮಾಡುತ್ತದೆ. ಪಕ್ಕಕ್ಕೆ ಮಲಗಿದವನ ಮೇಲಿನ ಕಾಲನ್ನು ಜೊತೆಗಾರ ಹಿಡಿದಿರುತ್ತಾನೆ, ಇವನು ಮೊಣಕೈ ಮತ್ತು ಆ ಕಾಲಿನ ಮೇಲೆ ಸೊಂಟವನ್ನು ಎತ್ತಿ ಇಳಿಸುತ್ತಾನೆ. ಸಲಕರಣೆಯೇ ಬೇಡ. ಎತ್ತಲು ಆಗದವರಿಗೆ ಮೊದಲು ಜೊತೆಗಾರ ಕಾಲಿನ ಬದಲು ಮಂಡಿಯ ಬಳಿ ಹಿಡಿಯಲಿ. ಮೈ ಬಿಸಿಯಾಗದೆ ದೂರದ ಹೊಡೆತ ಬೇಡ. ನಮ್ಮ ಕಡೆ ಬೆಳಗಿನ ಆರಕ್ಕೆ ಮೈದಾನಕ್ಕೆ ಬಂದ ಹುಡುಗರು ಜಾಕೆಟ್ ಕಳಚುವ ಮೊದಲೇ ಗೋಲಿಗೆ ಹೊಡೆಯಲು ಶುರುಮಾಡುವುದನ್ನು ನೋಡಿದರೆ ನನಗೆ ಎದೆ ಝಲ್ಲೆನ್ನುತ್ತದೆ. ಹನ್ನೆರಡರೊಳಗಿನ ಮಕ್ಕಳು ಜೊತೆಗಿದ್ದರೆ ಅವರಿಗೆ ನಾಲ್ಕನೆಯ ಅಳತೆಯ ಚೆಂಡನ್ನೇ ಕೊಡಿ.

ಮೂಡಿಗೆರೆ ಮೇಷ್ಟ್ರು:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಸಾಲಿನಲ್ಲಿ ನಿಂತು ಹೊಡೆಯುವುದನ್ನು ಇಂದೇ ನಿಲ್ಲಿಸಿದ್ದೇನೆ. ಇನ್ನೆರಡು ಸಂದೇಹಗಳಿವೆ. ನಮ್ಮಲ್ಲಿರುವುದು ನಾಲ್ಕೇ ಚೆಂಡು, ಬರುವ ಹುಡುಗರು ಇಪ್ಪತ್ತರ ಮೇಲೆ. ಅಷ್ಟರಲ್ಲಿ ಸ್ಪರ್ಶ, ನಿರ್ಧಾರ, ಹೊಡೆತ, ವಾಪಸಾದ ಚೆಂಡು ಎಲ್ಲವನ್ನೂ ಒಟ್ಟಿಗೆ ಕಲಿಸುವ ಆಟ ಯಾವುದಾದರೂ ಇದೆಯೇ? ಮತ್ತು ಎಡಗಾಲನ್ನು ಬಲವಂತವಾಗಿ ಬಳಸಲು ಹೇಳಬೇಕೇ?

ಸಕಲೇಶಪುರದ ಹಳೇ ಹಾಫ್:

ಇದೆ, ಮತ್ತು ಅದಕ್ಕೆ ಒಂದೇ ಚೆಂಡು ಸಾಕು. ಉಳಿದ ಮೂರನ್ನು ಗೋಲುಗಳ ಹಿಂದೆ ಇಟ್ಟರೆ ತೋಟಕ್ಕೆ ಹೋದ ಚೆಂಡಿಗೆ ಕಾಯಬೇಕಾಗಿಲ್ಲ.

ಸುಮಾರು ಮೂವತ್ತಾರು ಮೀಟರ್ ಉದ್ದ, ಇಪ್ಪತ್ತೈದು ಮೀಟರ್ ಅಗಲದ ಜಾಗ ಗುರುತಿಸಿ. ಬಲೆಯಿರುವ ಗೋಲು ಒಂದು ತುದಿಯಲ್ಲಿರಲಿ, ಇನ್ನೊಂದು ತುದಿಯಲ್ಲಿ ಬಿದಿರುಗಳುವನ್ನೋ ಅಡಿಕೆ ದಬ್ಬೆಯನ್ನೋ ನೆಟ್ಟು ಅಷ್ಟೇ ಅಗಲದ ಗೋಲು ಮಾಡಿ. ನಡುವೆ ಸುಣ್ಣದಲ್ಲಿ ಗೆರೆ ಎಳೆಯಿರಿ. ಪ್ರತಿ ತಂಡಕ್ಕೂ ಒಬ್ಬ ಕೀಪರ್, ತಮ್ಮ ಅರ್ಧದಲ್ಲಿ ಮೂವರು, ಎದುರಾಳಿಯ ಅರ್ಧದಲ್ಲಿ ಒಬ್ಬನೇ ಒಬ್ಬ. ನಡುಗೆರೆಯನ್ನು ಯಾರೂ ದಾಟುವಂತಿಲ್ಲ. ಆ ಮೂವರು ಚೆಂಡನ್ನು ಪಾಸ್ ಮಾಡುತ್ತ, ತಮ್ಮ ಅರ್ಧದಲ್ಲಿರುವ ಆ ಒಬ್ಬ ಎದುರಾಳಿ ಅಡ್ಡ ಬಾರದಂತೆ ಓಣಿ ಹುಡುಕಿ, ತಮ್ಮ ಅರ್ಧದಿಂದಲೇ ಹೊಡೆಯಬೇಕು. ಗೆರೆಯ ಬಳಿಯಿಂದ ಹೊಡೆದರೆ ದೂರ ಹದಿನೆಂಟು ಮೀಟರ್ ಆಗುತ್ತದೆ. ಮುಂದಿರುವ ಒಬ್ಬನ ಕೆಲಸ ಕೀಪರ್‌ನ ಕಣ್ಣಿಗೆ ಅಡ್ಡ ನಿಲ್ಲುವುದು, ಕೈಬಿಟ್ಟ ಚೆಂಡನ್ನು ಒಳಗೆ ತಳ್ಳುವುದು. ನೇರವಾಗಿ ಹೊಡೆದ ಗೋಲಿಗೂ ವಾಪಸಾದ ಚೆಂಡಿನ ಗೋಲಿಗೂ ಒಂದೇ ಬೆಲೆ ಕೊಡಿ, ಹಗ್ಗದ ಕೆಳಗೆ ಹೋದದ್ದಕ್ಕೆ ಎರಡು. ಮೂರು ನಿಮಿಷಕ್ಕೊಮ್ಮೆ ತಂಡ ಬದಲಿಸಿದರೆ ಹೊರಗೆ ನಿಂತವರಿಗೂ ಬೇಸರವಾಗುವುದಿಲ್ಲ, ಮತ್ತು ಫಿಸಿಯೊ ಅವರು ಹೇಳಿದ ಇಪ್ಪತ್ತರ ಮಿತಿಯನ್ನು ಯಾರೂ ದಾಟುವುದಿಲ್ಲ. ಚಿಕ್ಕವರಿದ್ದರೆ ಉದ್ದವನ್ನು ಮೂವತ್ತಕ್ಕೆ ಇಳಿಸಿ.

ಈ ಆಟದಲ್ಲಿ ನೀವು ಬದಿಯಲ್ಲಿ ನಿಂತು ಒಂದನ್ನೇ ಗಮನಿಸಿ: ಪಾಸ್ ಬರುವ ಮೊದಲು ಹುಡುಗ ಗೋಲಿನ ಕಡೆ ಒಮ್ಮೆ ತಲೆಯೆತ್ತಿ ನೋಡಿದನೇ? ನೋಡಿದವನ ಮೊದಲ ಸ್ಪರ್ಶ ಸರಿಯಾದ ಕಡೆಗೆ ಹೋಗುತ್ತದೆ. ನೋಡದವನು ಚೆಂಡು ನಿಲ್ಲಿಸಿ, ಆಮೇಲೆ ಗೋಲು ಹುಡುಕಿ, ಅಷ್ಟರಲ್ಲಿ ಕಳೆದುಕೊಳ್ಳುತ್ತಾನೆ. ಕೂಗಿ ಹೇಳಬೇಕಾದದ್ದಿದ್ದರೆ ಅದು ಮಾತ್ರ.

ಎಡಗಾಲಿನ ವಿಚಾರದಲ್ಲಿ ಬಲವಂತ ಬೇಡ. ಎಡಗಾಲಿನಿಂದ ಹನ್ನೆರಡು ಮೀಟರ್‌ನಿಂದ ಹೊಡೆಯಲು ಬಂದರೆ ಈ ವಯಸ್ಸಿಗೆ ಸಾಕು. ಅದಕ್ಕಿಂತ ದೂರದಲ್ಲಿ ಚೆಂಡು ಎಡಗಾಲಿಗೆ ಬಂದರೆ ಒಳಗೆ ತಿರುಗಿಸಿಕೊಳ್ಳುವುದನ್ನೋ ಪಾಸ್ ಮಾಡುವುದನ್ನೋ ಕಲಿಯಲಿ. ನಿಜವಾಗಿ ಎಡಗಾಲಿನವನೇ ಒಬ್ಬ ನಿಮ್ಮಲ್ಲಿದ್ದರೆ ಅವನನ್ನು ಬಲ ಅಂಚಿನಿಂದ ಒಳಗೆ ಬರುವಂತೆ ಆಡಿಸಿ ನೋಡಿ. ಅವನ ಮೊದಲ ಸ್ಪರ್ಶವೇ ಅವನನ್ನು ಅರ್ಧವೃತ್ತದ ಹತ್ತಿರಕ್ಕೆ, ಹೊಡೆಯುವ ಕಾಲು ಗೋಲಿನ ಕಡೆಗಿರುವಂತೆ ತಂದು ನಿಲ್ಲಿಸುತ್ತದೆ.

ಪಂದ್ಯದ ಹಿಂದಿನ ದಿನ ಈ ಆಟ ಬೇಡ. ಅಂದು ಕೀಪರ್‌ಗೆ ಮೆಲ್ಲಗೆ ಕೆಲವು ಚೆಂಡು ಹೊಡೆದು ಮನೆಗೆ ಕಳಿಸಿ.